ಹಳೆ ಸ್ಪಿನ್ನೇಕರ್ ಪೋಲ್ ಕೊಳ್ಳುವಾಗ ಕೊಳವೆಯ ಹೊಳಪಲ್ಲ, ತುದಿ ನೋಡಿ

ರೇಸಿಂಗ್ ಡಿಂಗಿಗೆ (ಪಂದ್ಯದ ಪುಟ್ಟ ಹಾಯಿದೋಣಿಗೆ) ಯಾರೋ ಬಳಸಿದ ಕಾರ್ಬನ್ ಫೈಬರ್ ಪೋಲ್, ಅಂದರೆ ದೋಣಿಯ ಮುಂದೆ ಉಬ್ಬುವ ಸ್ಪಿನ್ನೇಕರ್ ಹಾಯಿಯನ್ನು ಹೊರಗೆ ಚಾಚಿ ಹಿಡಿಯುವ ಕೋಲು, ಕೊಳ್ಳಲು ಹೊರಟಿದ್ದೀರಾ? ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಥದ್ದೇ ಒಂದು ಪೋಲ್ ನನ್ನ ಜೊತೆ ಕ್ರೂ ಆಗಿದ್ದ ಗೆಳತಿಯ ಕೆನ್ನೆಯನ್ನು ಸೀಳಿತು. ಗಾಯಕ್ಕೂ ಕಣ್ಣಿಗೂ ನಡುವೆ ಎರಡು ಬೆರಳಿನಷ್ಟು ಜಾಗವೂ ಇರಲಿಲ್ಲ. ಪೋಲ್ ನಡುವೆ ಮುರಿದಿರಲಿಲ್ಲ. ಕಿತ್ತುಕೊಂಡು ಬಂದದ್ದು ತುದಿಯ ಫಿಟಿಂಗ್, ಅಂದರೆ ಹಗ್ಗಕ್ಕೆ ಇಲ್ಲವೇ ರಿಂಗಿಗೆ ಸಿಕ್ಕಿಸುವ ಕೊಕ್ಕೆ.

ನಡೆದದ್ದು ಹೀಗೆ. ಗಾಳಿ ಜೋರಾಗಿತ್ತು, ಆದರೆ ಸ್ಪಿನ್ನೇಕರ್ ಏರಿಸಬಾರದು ಅನ್ನುವಷ್ಟೇನೂ ಇರಲಿಲ್ಲ. ಜೈಬ್ ಮಾಡಿದೆವು, ಅಂದರೆ ಹಿಂದಿನಿಂದ ಬರುವ ಗಾಳಿಯಲ್ಲಿ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳಿಸಿದೆವು. ಅವಳು ಪೋಲ್‌ನ ಒಂದು ತುದಿಗೆ ಹೊಸ ಗೈ (ಸ್ಪಿನ್ನೇಕರ್ ಮೂಲೆಯನ್ನು ಹಿಂದಕ್ಕೆ ಎಳೆದು ಹಿಡಿಯುವ ಹಗ್ಗ) ಸಿಕ್ಕಿಸಿ, ಪೋಲ್ ಅನ್ನು ಹೊರಗೆ ತಳ್ಳಿ, ಇನ್ನೊಂದು ತುದಿಯನ್ನು ಮಾಸ್ಟ್‌ನ (ಹಾಯಿಗಂಬದ) ರಿಂಗಿಗೆ ಹಾಕಿದಳು. ಅದೇ ಹೊತ್ತಿಗೆ, ಬಡಿದಾಡುತ್ತಿದ್ದ ಹಾಯಿ ಒಮ್ಮೆಲೇ ಗಾಳಿ ತುಂಬಿಕೊಂಡು ಪೋಲ್ ಅನ್ನು ಮುಂದಕ್ಕೆ ಎಳೆಯಿತು. ಆ ಒಂದು ಜಗ್ಗಿಗೆ ಒಳತುದಿಯ ಫಿಟಿಂಗ್ ರಿಂಗಿನಲ್ಲೇ ಉಳಿದು, ಕೊಳವೆ ಕಳಚಿಕೊಂಡಿತು. ಮರುಕ್ಷಣ ಗೈ ಬಿಗಿಯಾಯಿತು. ಬಿಗಿಯಾದ ಗೈ ಪೋಲ್ ಅನ್ನು ಹಿಂದಕ್ಕೆ, ಮಾಸ್ಟ್ ಕಡೆಗೆ ಒತ್ತುತ್ತದೆ ಅಲ್ವಾ? ತಡೆಯಲು ಫಿಟಿಂಗ್ ಇಲ್ಲ. ಬಾಯಿ ತೆರೆದ ಕೊಳವೆ ಮಾಸ್ಟ್ ಪಕ್ಕದಿಂದ ಜಾರಿ ನೇರವಾಗಿ ಅವಳ ಮುಖಕ್ಕೆ ನುಗ್ಗಿತು. ದೋಣಿ ಮಗುಚಿತು. ಸೇಫ್ಟಿ ಬೋಟ್ ಹತ್ತಿರದಲ್ಲೇ ಇತ್ತು, ಅದು ನಮ್ಮ ಪುಣ್ಯ. ಹೊಲಿಗೆ ಹಾಕಿಸಿಕೊಂಡು ಅವಳು ಈಗ ಚೆನ್ನಾಗಿದ್ದಾಳೆ.

ದಡಕ್ಕೆ ಬಂದು ಪೋಲ್ ಬಿಚ್ಚಿ ನೋಡಿದರೆ ಹೊಟ್ಟೆ ಉರಿಯಿತು. ಎರಡೂ ತುದಿಯಲ್ಲಿ ಫಿಟಿಂಗ್ ಸೇರುವ ಜಾಗಕ್ಕೆ, ಬಿಸಿ ಮಾಡಿದರೆ ಬಿಗಿಯಾಗುವ ಕಪ್ಪು ಪ್ಲಾಸ್ಟಿಕ್ ಸ್ಲೀವ್ ಹಾಕಿದ್ದರು. ನೋಡಲು ಬಹಳ ಅಚ್ಚುಕಟ್ಟು. ಹಗ್ಗ ಉಜ್ಜದಿರಲಿ ಅಂತ ಹಾಕಿದ್ದೇವೆ ಅಂತ ಮಾರಿದವರು ಹೇಳಿದ್ದರು. ಸ್ಲೀವ್ ಕತ್ತರಿಸಿದಾಗ ಒಳಗಿಂದ ಬಿಳಿ ಪುಡಿ ಉದುರಿತು. ಅಲ್ಯೂಮಿನಿಯಂ ರಿವೆಟ್‌ಗಳು ಕೊರೆದುಹೋಗಿದ್ದವು. ಕೊಳವೆಯ ಅಂಚು ಉದ್ದುದ್ದ ಸೀಳಿತ್ತು. ಸೀಳಿನ ಮೇಲೆ, ರಿವೆಟ್ ತಲೆಗಳ ಮೇಲೆ, ಕಪ್ಪು ಬಣ್ಣ ಬಳಿದಿತ್ತು. ಅಂದರೆ ಯಾರಿಗೋ ಗೊತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು. ಮಾರಿದವರನ್ನು ಕೇಳಿದರೆ, ಕೊಟ್ಟ ಮೇಲೆ ತಮಗೆ ಸಂಬಂಧ ಇಲ್ಲ ಅಂದರು. ಒಬ್ಬರ ಮುಖ ಹರಿದಿದೆ ಅಂತ ಹೇಳಿದ ಮೇಲೂ ಅದೇ ಉತ್ತರ.

ಇದು ಒಂದು ಪೋಲ್‌ನ ಕಥೆ ಮಾತ್ರ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇಂಥ ಜೋಡಣೆ ಎಷ್ಟೋ ದೋಣಿಗಳಲ್ಲಿ ಇದೆ. 470 ಕ್ಲಾಸ್ (ಒಂದೇ ನಿಯಮಕ್ಕೆ ಕಟ್ಟಿದ, ಇಬ್ಬರು ನಡೆಸುವ ಡಿಂಗಿಗಳ ವರ್ಗ) 1976ರಿಂದಲೇ ಒಲಿಂಪಿಕ್ಸ್‌ನಲ್ಲಿದೆ. ಇಷ್ಟು ಹಳೆಯ ಕ್ಲಾಸ್‌ಗಳಲ್ಲಿ ಸಾಮಾನು ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತದೆ. ಯಾವ ಪೋಲ್‌ಗೆ ಯಾರು ಯಾವ ರಿವೆಟ್ ಹೊಡೆದರು ಅಂತ ಲೆಕ್ಕ ಇಟ್ಟವರು ಯಾರೂ ಇರುವುದಿಲ್ಲ.

ಕಾರ್ಬನ್ ತುಕ್ಕು ಹಿಡಿಯುವುದಿಲ್ಲ ಅನ್ನುವುದು ನಿಜ. ಆದರೆ ಅದು ಪಕ್ಕದಲ್ಲಿರುವ ಅಲ್ಯೂಮಿನಿಯಂ ಅನ್ನು ಸವೆಸುತ್ತದೆ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಕಾರ್ಬನ್, ಅಲ್ಯೂಮಿನಿಯಂ, ನಡುವೆ ಉಪ್ಪುನೀರು, ಈ ಮೂರು ಸೇರಿದರೆ ಒಂದು ಬ್ಯಾಟರಿಯೇ ಆಯಿತು. ಆ ಬ್ಯಾಟರಿಯಲ್ಲಿ ಸವೆಯುವ ಪಾಲು ಅಲ್ಯೂಮಿನಿಯಂನದು. ಕಾರ್ಬನ್‌ನ ಮೈ ದೊಡ್ಡದು, ರಿವೆಟ್‌ನ ಮೈ ಚಿಕ್ಕದು. ಹಾಗಾಗಿ ರಿವೆಟ್ ಬೇಗ ಕರಗುತ್ತದೆ. ಇನ್ನೂ ಒಂದು ತೊಂದರೆ ಇದೆ. ಅಲ್ಯೂಮಿನಿಯಂ ಸವೆದು ಆಗುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಫಿಟಿಂಗ್ ಕೊಳವೆಯ ಒಳಗೆ ಇದ್ದಾಗ ಆ ಪುಡಿ ಉಬ್ಬಿ ಕೊಳವೆಯನ್ನು ಒಳಗಿನಿಂದಲೇ ಸೀಳುತ್ತದೆ. ನಮ್ಮ ಪೋಲ್‌ನ ಉದ್ದ ಸೀಳಿಗೆ ಕಾರಣ ಇದೇ. ಸ್ಲೀವ್ ಒಳಗೆ ಉಪ್ಪುನೀರು ಒಮ್ಮೆ ಸೇರಿದರೆ ಒಣಗುವುದೇ ಇಲ್ಲ, ಹಾಗಾಗಿ ಅದು ಮುಚ್ಚಿಟ್ಟದ್ದು ಮಾತ್ರವಲ್ಲ, ಹಾಳಾಗುವುದನ್ನು ಇನ್ನೂ ಜೋರು ಮಾಡಿತು.

ತುದಿಯ ಮೇಲೆ ಬೀಳುವ ಭಾರ ಸಣ್ಣದಲ್ಲ. ಪೋಲ್ ಫೋರ್‌ಸ್ಟೇ (ಮಾಸ್ಟ್ ಅನ್ನು ಮುಂದಿನಿಂದ ಹಿಡಿದಿರುವ ತಂತಿ) ಕಡೆಗೆ ಹೋದಷ್ಟೂ ಗೈಗೂ ಪೋಲ್‌ಗೂ ನಡುವಿನ ಕೋನ ಕಿರಿದಾಗುತ್ತದೆ. ಕೋನ 45 ಡಿಗ್ರಿ ಇದ್ದಾಗ, ಹಾಯಿ ಪೋಲ್‌ಗೆ ಅಡ್ಡಲಾಗಿ ಎಷ್ಟು ಎಳೆಯುತ್ತದೋ ಅಷ್ಟೇ ಒತ್ತಡ ಪೋಲ್ ಉದ್ದಕ್ಕೂ ಬೀಳುತ್ತದೆ. ಕೋನ 15 ಡಿಗ್ರಿಗೆ ಇಳಿದರೆ ಅದೇ ಎಳೆತಕ್ಕೆ ಒತ್ತಡ ಸುಮಾರು 3.7 ಪಟ್ಟು. ಅದು ಒಂದೇ ಸಮ ಒತ್ತುವ ಭಾರವೂ ಅಲ್ಲ. ಹಾಯಿ ಮಡಚಿ ಮತ್ತೆ ತುಂಬಿದಾಗಲೆಲ್ಲ ಒಮ್ಮೆ ಎಳೆತ, ಒಮ್ಮೆ ಒತ್ತಡ. ಒತ್ತಡವನ್ನು ಫಿಟಿಂಗ್‌ನ ಅಂಚು ತಡೆಯುತ್ತದೆ. ಎಳೆತವನ್ನು ತಡೆಯುವುದು ರಿವೆಟ್ ಮತ್ತು ಅಂಟು ಮಾತ್ರ.

ಈಗ ಕೊಳ್ಳುವ ಮೊದಲು ಏನು ನೋಡಬೇಕು ಅಂತ ಹೇಳುತ್ತೇನೆ. ಸ್ಲೀವ್, ಟೇಪ್ ಏನೇ ಇರಲಿ, ಬಿಚ್ಚಿ ತೋರಿಸಿ ಅನ್ನಿ. ಬಿಚ್ಚುವುದಿಲ್ಲ ಅಂದರೆ ಅಲ್ಲಿಗೇ ಬಿಟ್ಟು ಬನ್ನಿ. ಇದರಲ್ಲಿ ಸಂಕೋಚ ಬೇಡವೇ ಬೇಡ. ಆಮೇಲೆ ಒಂದು ಕೈಯಲ್ಲಿ ಕೊಳವೆ, ಇನ್ನೊಂದರಲ್ಲಿ ಫಿಟಿಂಗ್ ಹಿಡಿದು ತಿರುಚಿ, ಎಳೆದು ನೋಡಿ. ಕೂದಲೆಳೆಯಷ್ಟು ಅಲುಗಿದರೂ ಅಂಟು ಬಿಟ್ಟಿದೆ ಅಂತಲೇ ಅರ್ಥ. ರಿವೆಟ್ ತಲೆಯ ಸುತ್ತ ಬಿಳಿ ಪುಡಿ, ಉಬ್ಬಿದ ಬಣ್ಣ ಇದೆಯಾ ನೋಡಿ. ತುದಿ ಮಾತ್ರ ಹೊಸ ಬಣ್ಣದಿಂದ ಹೊಳೆಯುತ್ತಿದ್ದರೆ ಯಾಕೆ ಅಂತ ಕೇಳಿ. ಒಂದು ನಾಣ್ಯದಿಂದ ಕೊಳವೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಾರ್ಬನ್ ಟಣ್ ಅನ್ನುತ್ತದೆ, ಪದರ ಬಿಟ್ಟ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಹತ್ತಿಯ ಬಟ್ಟೆಯಿಂದ ಒರೆಸಿ ನೋಡಿ, ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಎಳೆ ಎದ್ದಿದೆ. ಬರಿಗೈಯಲ್ಲಿ ಸವರಬೇಡಿ, ಕಾರ್ಬನ್ ಸಿಬಿರು ಚರ್ಮದೊಳಗೆ ಹೋದರೆ ತೆಗೆಯುವುದು ಕಷ್ಟ. ಕೊನೆಗೆ ಪೋಲ್ ಅನ್ನು ಅಲ್ಲಾಡಿಸಿ. ಒಳಗೆ ನೀರಿನ ಸದ್ದು ಬಂದರೆ ತುದಿ ಸೋರುತ್ತಿದೆ.

ಪ್ಲಂಜರ್, ಅಂದರೆ ಫಿಟಿಂಗ್ ಬಾಯಿಯನ್ನು ಮುಚ್ಚುವ ಸ್ಪ್ರಿಂಗ್ ಪಿನ್, ಅದರ ಬಗ್ಗೆ ಬೇರೆಯೇ ಹೇಳಬೇಕು. ಎಳೆದು ಬಿಟ್ಟಾಗ ಅದು ಎದುರು ಬದಿಯ ಗುಳಿಯೊಳಗೆ ಪೂರ್ತಿ ಹೋಗಿ ಕೂರಬೇಕು. ಮುಕ್ಕಾಲು ಮುಚ್ಚಿದರೂ ನೋಡಲು ಮುಚ್ಚಿದಂತೆಯೇ ಕಾಣುತ್ತದೆ, ಆದರೆ ಭಾರ ಬಿದ್ದಾಗ ಒಂದೇ ಬದಿಯ ಆಸರೆಯಲ್ಲಿ ಬಾಗಿ ಬಾಯಿ ಬಿಡುತ್ತದೆ. ಇದಕ್ಕೆ ಹೆಚ್ಚಾಗಿ ಕಾರಣ ಮರಳು, ಉಪ್ಪು, ಇಲ್ಲವೇ ಸೋತ ಸ್ಪ್ರಿಂಗ್. ಇನ್ನೊಂದು ಕಾರಣ ಎರಡೂ ಪ್ಲಂಜರ್‌ಗಳನ್ನು ಜೋಡಿಸುವ ದಾರ. ಅದನ್ನು ಬಿಗಿಯಾಗಿ ಕಟ್ಟಿದರೆ ಪ್ಲಂಜರ್ ಸದಾ ಸ್ವಲ್ಪ ತೆರೆದೇ ಇರುತ್ತದೆ. ಸ್ವಲ್ಪ ಸಡಿಲ ಬಿಡಿ. ಗೈ ಹಾದುಹೋಗುವ ಬಾಯಿಯ ಅಂಚನ್ನೂ ನೋಡಿ. ಚಿಕ್ಕ ಗೀರು ಇದ್ದರೂ ಅದು ಹಗ್ಗವನ್ನು ತಿನ್ನುತ್ತದೆ. ನುಣ್ಣನೆಯ ಮರಳು ಕಾಗದದಿಂದ ಉಜ್ಜಿ ನಯ ಮಾಡಿದರೆ ಸಾಕು.

ಮಾಸ್ಟ್‌ನ ರಿಂಗ್ ಕೂಡ ಪೋಲ್‌ನ ಭಾಗವೇ ಅಂತ ತಿಳಿದುಕೊಳ್ಳಿ. ಪ್ಲಂಜರ್ ಉಜ್ಜಿ ಉಜ್ಜಿ ಅದರಲ್ಲಿ ಹಳ್ಳ ಬೀಳುತ್ತದೆ. ಅದರ ರಿವೆಟ್‌ಗಳೂ ಸಡಿಲಾಗುತ್ತವೆ. ರಿಂಗ್ ಹಿಡಿದು ಅಲ್ಲಾಡಿಸಿ ನೋಡಲು ಒಂದು ನಿಮಿಷ ಸಾಕು.

ಅಪ್‌ಹಾಲ್ (ಪೋಲ್ ಅನ್ನು ಮೇಲಕ್ಕೆ ಎತ್ತಿ ಹಿಡಿಯುವ ಹಗ್ಗ) ಸಿಕ್ಕಿಸಲು ಪೋಲ್ ನಡುವೆ ತೂತು ಕೊರೆದಿದ್ದರೆ, ಅದು ಕಾರ್ಬನ್ ಆಗಿದ್ದರೆ, ನಾನಂತೂ ಕೊಳ್ಳುವುದಿಲ್ಲ. ಒತ್ತಡಕ್ಕೆ ಪೋಲ್ ಬಾಗುವಾಗ ಜಾಸ್ತಿ ಬಾಗುವುದು ನಡುಭಾಗ. ಅಲ್ಲೇ ಎಳೆಗಳನ್ನು ಕತ್ತರಿಸಿದರೆ ಉಳಿಯುವುದೇನು? ಹಗ್ಗ ಸುತ್ತಿ ಕಟ್ಟಿದ ಪಟ್ಟಿ, ಅಥವಾ ಅಂಟಿಸಿದ ಹಿಡಿ ಸಾಕಾಗುತ್ತದೆ.

ಕೊಳವೆಯ ಆಯ್ಕೆ ಬಗ್ಗೆ ಎರಡು ಮಾತು. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ 10% ಹೆಚ್ಚಾದರೆ ಬಿಗಿತ ಸುಮಾರು 33% ಹೆಚ್ಚುತ್ತದೆ, ತೂಕ ಹೆಚ್ಚುವುದು 10% ಮಾತ್ರ. ಉದ್ದ 10% ಕಡಿಮೆಯಾದರೆ, ಬಾಗದೆ ತಡೆಯುವ ಭಾರ ಸುಮಾರು 23% ಹೆಚ್ಚುತ್ತದೆ. ಆದರೆ ಉದ್ದ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ನಿಮ್ಮ ಕ್ಲಾಸ್‌ನ ನಿಯಮ ಓದಿ, ಟೇಪ್ ಹಿಡಿದು ಅಳೆದೇ ಕೊಳ್ಳಿ. ಕಲಿಯುವವರ ದೋಣಿಗೆ ಅಲ್ಯೂಮಿನಿಯಂ ಪೋಲ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಬಾಗಿ ಮುನ್ಸೂಚನೆ ಕೊಡುತ್ತದೆ. ಕಾರ್ಬನ್ ಒಮ್ಮೆಲೇ ಒಡೆಯುತ್ತದೆ, ಒಡೆದ ಅಂಚು ಚೂಪು. ಹಾಗಂತ ತಗ್ಗು ಬಿದ್ದ ಅಲ್ಯೂಮಿನಿಯಂ ಕೊಳವೆ ಸುಮ್ನೆ ಇಟ್ಟುಕೊಳ್ಳಬೇಡಿ. ತಗ್ಗು ಇರುವಲ್ಲೇ ಅದು ಮಡಚಿಕೊಳ್ಳುತ್ತದೆ.

ಈಗಾಗಲೇ ಇಂಥ ಪೋಲ್ ಇದ್ದರೆ ಎಸೆಯಬೇಕಿಲ್ಲ, ಕೊಳವೆ ಗಟ್ಟಿ ಇದ್ದರೆ ತುದಿ ಬದಲಿಸಬಹುದು. ಸೀಳಿದ ಭಾಗ ಪೂರ್ತಿ ಕತ್ತರಿಸಿದ ಮೇಲೆ ಉದ್ದ ಸಾಲುತ್ತದೆಯಾ ಅಂತ ಮೊದಲು ನೋಡಿ. ಸಾಧ್ಯವಾದರೆ ಗಟ್ಟಿ ಪ್ಲಾಸ್ಟಿಕ್ ಫಿಟಿಂಗ್ ಹಾಕಿ. ಲೋಹದ್ದೇ ಬೇಕಾದರೆ ಅದಕ್ಕೂ ಕಾರ್ಬನ್‌ಗೂ ನಡುವೆ ಎಪಾಕ್ಸಿಯಲ್ಲಿ (ಗಟ್ಟಿಯಾಗುವ ರಾಳದ ಅಂಟಿನಲ್ಲಿ) ನೆನೆಸಿದ ಗ್ಲಾಸ್ ಫೈಬರ್ ಬಟ್ಟೆಯ ಪದರ ಇರಲಿ, ಒಂದಕ್ಕೊಂದು ಎಲ್ಲೂ ತಾಗಬಾರದು. ಕಾರ್ಬನ್‌ಗೆ ಅಲ್ಯೂಮಿನಿಯಂ ರಿವೆಟ್ ಬೇಡ. ಅಲ್ಯೂಮಿನಿಯಂ ಕೊಳವೆಯಾದರೆ ಮೋನೆಲ್ (ನಿಕ್ಕಲ್-ತಾಮ್ರದ ಮಿಶ್ರಲೋಹ) ರಿವೆಟ್ ಬಳಸಿ, ಅದಕ್ಕೂ ತುಕ್ಕು ತಡೆಯುವ ಪೇಸ್ಟ್ ಹಚ್ಚಿ. ಸ್ಟೇನ್‌ಲೆಸ್ ಸ್ಟೀಲ್ ಕೂಡ ಪೇಸ್ಟ್ ಇಲ್ಲದೆ ಅಲ್ಯೂಮಿನಿಯಂಗೆ ತಾಗಿದರೆ ಇದೇ ಕಥೆ. ಕಾರ್ಬನ್ ಉಜ್ಜುವಾಗ ಮಾಸ್ಕ್, ಕೈಗವಸು ಎರಡೂ ಇರಲಿ.

ದಿನದ ಆರೈಕೆ ಕಷ್ಟದ್ದಲ್ಲ. ದಡಕ್ಕೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ, ಪ್ಲಂಜರ್ ಎಳೆದು ಬಿಡುತ್ತಾ ಒಳಗೂ ನೀರು ಹಾಯಿಸಿ. ಗ್ರೀಸ್ ಹಚ್ಚಬೇಡಿ, ಅದು ಮರಳನ್ನು ಹಿಡಿದಿಡುತ್ತದೆ. ಒಣಗುವಂಥ ಲೂಬ್ರಿಕಂಟ್ ಸಾಕು. ಸಿಲಿಕೋನ್ ಸ್ಪ್ರೇ ಮಾತ್ರ ಅಂಟಿಸುವ ಜಾಗಕ್ಕೆ ತಾಗದಿರಲಿ, ತಾಗಿದರೆ ಎಪಾಕ್ಸಿ ಹಿಡಿಯುವುದಿಲ್ಲ. ಬಿಸಿಲಿನಲ್ಲಿ ದೋಣಿಯ ಮೇಲೆ ಪೋಲ್ ಬಿಟ್ಟುಹೋಗಬೇಡಿ. ಬಿಸಿಲಿಗೆ ಹಾಳಾಗುವುದು ಕಾರ್ಬನ್ ಎಳೆಯಲ್ಲ, ಅದನ್ನು ಹಿಡಿದಿಟ್ಟಿರುವ ರಾಳ. ವಾರ್ನಿಷ್ ಮಂಕಾದರೆ ಮತ್ತೆ ಬಳಿಯಿರಿ.

ನಿಮ್ಮ ಹಳೆ ಪೋಲ್ ಮಾರುತ್ತಿದ್ದರೆ ಒಂದು ಕೋರಿಕೆ. ಸ್ಲೀವ್ ಬಿಚ್ಚಿ, ಬಣ್ಣ ಬಳಿಯದೆ, ಎರಡೂ ತುದಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ. ತುದಿ ಸೀಳಿದ್ದರೆ ಮಾರಬೇಡಿ. ಸರಿಪಡಿಸಲು ಆಗದಿದ್ದರೆ, ಯಾರೂ ಎತ್ತಿಕೊಂಡು ಹೋಗಿ ಬಳಸದ ಹಾಗೆ ಕೊಳವೆಯನ್ನು ನಡುವೆ ಕತ್ತರಿಸಿ ಎಸೆಯಿರಿ.