ಮಳಿ ಪೇಂಟಿಂಗ್ ಕಲಿಯಾಕ ಹೋದ್ರ ಮಳೀನ ಬರ್ಲಿಲ್ಲ

ಹೋದ ತಿಂಗಳ ಬೆಳಗಾವಿ ಟಿಳಕವಾಡಿದಾಗ ಒಂದ್ ಮನಿ ಗಚ್ಚಿ ಮ್ಯಾಲೆ ಎರಡ ದಿನದ ಪೇಂಟಿಂಗ್ ವರ್ಕ್‌ಶಾಪ್ ಇತ್ತು, ಶನಿವಾರ ರವಿವಾರ, ಒಬ್ರಿಗೆ 2,200 ರೂಪಾಯಿ, ಊಟ ಚಹಾ ಬಣ್ಣ ಬಟ್ಟಿ ಎಲ್ಲಾ ಅದ್ರಾಗ. ನಮ್ಮ ವೈನಿ ಹೆಸರು ಹಚ್ಚಿದ್ರು, ಅವ್ರ ಗೆಳತಿ ಕೊನಿ ಗಳಿಗ್ಯಾಗ ಕೈ ಕೊಟ್ಲು, ರೊಕ್ಕ ವಾಪಸ್ ಕೊಡೂದಿಲ್ಲ ಅಂದ್ರಂತ, ಹಿಂಗಾಗಿ ಆ ಜಾಗಾಕ್ಕ ನಾ ಹೋದ್ನಿ. ನಡಸಿದವ್ರ ಹೆಸರು ಬರಿಯೂದಿಲ್ಲ, ಬೈಯೂದೂ ಐತಿ ಹೊಗಳೂದೂ ಐತಿ.

ಇದ್ರಾಗ ಬ್ರಷ್ ಹಿಡದು ಗುಡ್ಡಾ ಸೂರ್ಯಾ ತಗಿಯೂದಿಲ್ಲ. ಬಟ್ಟಿ ಹಾಸೂದು, ಬಣ್ಣ ಸುರವೂದು, ಮುಂದಿನ ಕೆಲಸ ಮಳಿ, ಜಂಗ, ಉಪ್ಪು, ಮಣ್ಣಿಗೆ ಬಿಟ್ಟದ್ದು. ನಾ ಉದ್ಯಮಬಾಗದಾಗ ಮಷಿನ್ ಶಾಪ್‌ನ್ಯಾಗ ಇರಾಂವ, ಇಪ್ಪತ್ತ ವರ್ಷದಿಂದ ಮಾಲಿಗೆ ಜಂಗ ಹತ್ತಬಾರ್ದು ಅಂತ ಆಯಿಲ್ ಹಚ್ಚೂದ ಕೆಲಸ, ಇಲ್ಲಿ ನೋಡಿದ್ರ ಜಂಗ ಹತ್ತಸಾಕ ರೊಕ್ಕ ಕೊಡ್ಬೇಕು!

ಮೊದಲಿಗೆ ಮೇಡಂ ಒಂದ್ ತಾಸು ಮಾತಾಡಿದ್ರು, ಖರೇ ಹೇಳ್ತೀನಿ ಭಾಳ ಚೊಲೋ ಮಾತಾಡಿದ್ರು. 1960ರಾಗ ಈವ್ ಕ್ಲೈನ್ ಅಂತ ಫ್ರಾನ್ಸಿನ ಕಲಾವಿದ ಬಣ್ಣ ಹಚ್ಚಿದ ಕ್ಯಾನ್ವಾಸ್ ಕಾರಿನ ಟಪ್ಪಿಗೆ ಕಟ್ಟಿ ಪ್ಯಾರಿಸ್‌ದಿಂದ ನೀಸ್ ತನಕಾ ಗಾಡಿ ಹೊಡದಿದ್ನಂತ, ದಾರ್ಯಾಗ ಗಾಳಿ ಮಳಿ ಧೂಳು ಏನ್ ಮಾಡ್ತೈತೋ ಅದ ಚಿತ್ರ. ಮಳಿಗಾಲದಾಗ ನಮ್ಮ ಕಡೆ ರೋಡಿಗೆ ಬಂದಿದ್ರ ಬಣ್ಣದ ಖರ್ಚೂ ಉಳೀತಿತ್ತು ಅವಂಗ. ಆಮ್ಯಾಲೆ ಅಮೇರಿಕಾದ ಕಲಾವಿದ ಆಂಡಿ ವಾರ್ಹಾಲ್ ಸುದ್ದಿ, 1977-78ರಾಗ ತಾಮ್ರದ ಬಣ್ಣ ಬಳದ ಕ್ಯಾನ್ವಾಸ್ ಮ್ಯಾಲೆ ಉಚ್ಚಿ ಹೊಯ್ಸಿ ಹಸರು ಕಿಲುಬು ಎಬ್ಬಿಸಿದ್ದು. ಇದನ್ನ ಹೇಳಿದಾಗ ಎಲ್ಲಾರೂ ಗಪ್. ಹಿಂದ ಕುಂತಿದ್ದ ರಿಟೈರ್ಡ್ ಕಾಕಾ ಒಬ್ರು ಸಾವಕಾಶ ಕೇಳಿದ್ರು, "ಅದನ್ನ ಯಾರರ ತಗೊಂಡ್ರೇನ್ರಿ ಮೇಡಂ?"

ಈಗ ತಕರಾರು. ಶುಕ್ರವಾರ ರಾತ್ರಿ ತನಕಾ ಬೆಳಗಾವಿ ಮಳಿ ಹಿಡದ್ ಹೊಡದಿತ್ತು, ಶನಿವಾರ ಮುಂಜಾನಿ ಬರೇ ಮಬ್ಬು. ಒಂಬತ್ತ ಮಂದಿ ಗಚ್ಚಿ ಮ್ಯಾಲೆ ಬಟ್ಟಿ ಹಾಸಿ ಮ್ಯಾಲೆ ನೋಡಕೋತ ನಿಂತ್ವಿ, ಒಂದ್ ಹನಿ ಇಲ್ಲ. ಮಧ್ಯಾನ್ಹ ಮೂರಕ್ಕ ಅವ್ರ ಹುಡುಗ ಗಿಡಕ್ಕ ನೀರ ಬಿಡು ಪೈಪ್ ತಂದ, ಬಟ್ಟಿ ಮ್ಯಾಲೆ ಹೊಡದ. ಪೈಪಿನ ನೀರು ಒಂದ ಕಡೆಯಿಂದ ಬಂದು ಬಣ್ಣ ತೊಳ್ಕೊಂಡ ಹೋಗ್ತೈತಿ, ಮಳಿ ಹನಿ ಬಿದ್ದಲ್ಲಿ ಬಣ್ಣ ಸಿಡದು ಸಣ್ಣ ಬಳಿ ಹಂಗ ಗುಂಡನ್ನ ಕಲೆ ಏಳ್ತೈತೆಲ್ಲಾ, ಅದು ಎಲ್ಲಿಂದ ಬರ್ಬೇಕು. ನನ್ನ ಬಟ್ಟಿ ಹೋಳಿ ಮರುದಿನದ ಬನಿಯನ್ ಹಂಗ ಆತು. ನಿಸರ್ಗದ ಹೆಸರು ಹೇಳಿ ರೊಕ್ಕ ಇಸಗೊಂಡು ನಳದ ನೀರ ಬಿಡೂದು ಬರೋಬ್ಬರಿ ಅಲ್ಲ, ಇವತ್ತ ಮಳಿ ಇಲ್ಲ, ಬಟ್ಟಿ ಮನೀಗೆ ಒಯ್ರಿ ಅಂದಿದ್ರ ಮುಗೀತಿತ್ತು.

ಮಣ್ಣಿಂದೂ ಅದ ಕಥಿ. ಎರಿ ಮಣ್ಣ ಕಲಸಿ ಪ್ಲೈವುಡ್ ಮ್ಯಾಲೆ ಬಳದ್ರ ಒಣಗಿ ತಾನ ಬಿರೀತೈತಿ, ಬ್ಯಾಸಿಗ್ಯಾಗ ಹೊಲ ಬಾಯಿ ಬಿಟ್ಟಂಗ. ಮಸಾರಿ ಮಣ್ಣು ಹಂಗ ಬಿರಿಯೂದಿಲ್ಲ. ಆದ್ರ ಈ ಹವಾದಾಗ ಎರಿ ಒಣಗೂದು ಯಾವಾಗ? ಹೇರ್ ಡ್ರಾಯರ್ ಹಿಡದ್ರು, ಹೆಪ್ಪಳಿಕಿ ಎದ್ದು ಕೆಳಗ ಬಿತ್ತು. ಉಪ್ಪಿಂದು ಮಾತ್ರ ಥಟ್ಟನ ಆತು, ಹಸಿ ಬಣ್ಣದ ಮ್ಯಾಲೆ ಹಳ್ಳುಪ್ಪು ಒಗದ್ರ ಅದು ನೀರ ಹೀರಕೊಂಡು ಸುತ್ತಲೂ ಬೆಳ್ಳನ ಚುಕ್ಕಿ ಬಿಡ್ತೈತಿ, ಮಸ್ತ್.

ಜಂಗದ ಕ್ಲಾಸಿಗೆ ಮಾತ್ರ ಪೂರಾ ಮಾರ್ಕ್ಸ್. ಬಟ್ಟಿ ಮ್ಯಾಲೆ ಕಲಂಕಾರಿ ಚಿತ್ರ ತಗಿಯವ್ರು ಜಂಗ ಹಿಡದ ಕಬ್ಬಿಣ ಬೆಲ್ಲದ ನೀರಾಗ ಹಾಕಿ ವಾರಗಟ್ಟಲೆ ಕೊಳಸ್ತಾರ, ಆ ನೀರು ಅಳಲೆಕಾಯಿ ರಸದಾಗ ಅದ್ದಿದ ಬಟ್ಟಿಗೆ ತಾಗಿದ ಕೂಡ್ಲೆ ಕಪ್ಪ ಆಗ್ತೈತಿ. ಅಳಲೆಕಾಯಾಗಿನ ಒಗರು ಕಬ್ಬಿಣದ ಕೂಡ ಸೇರಿದ್ರ ಕಪ್ಪು, ಅಷ್ಟ ಲೆಕ್ಕ. ಬೆಲ್ಲಕ್ಕ ನಮಗೇನ್ ಬರ ಐತಿ? ವರ್ಕ್‌ಶಾಪ್‌ನ್ಯಾಗ ಕೊಳಸಾಕ ಟೈಮ್ ಇಲ್ಲಂತ ವಿನೆಗರ್ ಸಿಂಪಡಿಸಿ ಮೊಳಿ ಇಟ್ಟು ಸುತ್ತಿ ಕೊಟ್ರು, ಮನ್ಯಾಗ ತಗೀರಿ ಅಂದ್ರು. ನಾ ಸೋಮವಾರ ಶಾಪಿನಿಂದ ಲೇಥ್ ಚಿಪ್ಸು, ಹಳೇ ವಾಷರು, ಒಂದ್ ಹಲ್ಲ ಮುರದ ಗೇರು ತಂದು ಇನ್ನೊಂದ್ ಬಟ್ಟ್ಯಾಗ ಸುತ್ತಿ ಹತ್ತ ದಿನ ಬಿಟ್ಟೆ. ಬಿಚ್ಚಿದ್ರ ಚಿಪ್ಸ್ ಇದ್ದಲ್ಲಿ ಗುಂಗರ ಕೂದಲ ಹಂಗ ಕೇಸರಿ ಗೀಟು, ಗೇರ್ ಇದ್ದಲ್ಲಿ ಕಂದು ಚಕ್ಕರ, ಮುರದ ಹಲ್ಲಿನ ಜಾಗಾನೂ ಖಾಲಿ ಖಾಲಿ ಮೂಡೈತಿ. ಶಾಪಿನ ಹುಡುಗ್ರಿಗೆ ತೋರ್ಸಿದ್ರ ಇದು ಯಾವ ಮಷಿನ್ನಿಂದ್ರಿ ಅಣ್ಣಾ ಅಂತ ಕೇಳಿದ್ರು.

ಮಳಿ ಅಂತೂ ರವಿವಾರ ರಾತ್ರಿ ಹನ್ನೊಂದಕ್ಕ ಬಂತು ನೋಡ್ರಿ! ವರ್ಕ್‌ಶಾಪ್ ಮುಗದು ಊಟ ಮಾಡಿ ಮಲಗಿದ ಮ್ಯಾಲೆ. ಲುಂಗಿ ಮ್ಯಾಲೆ ಮಾಳಿಗಿ ಹತ್ತಿ ಉಳದ ನೀಲಿ ಪುಡಿ ಹಸಿ ಬಟ್ಟಿಗೆ ಉದುರ್ಸಿ ಬಂದೆ, ಮನಿಯಾಕಿ ಬಾಗಲಾಗ ನಿಂತು ಬೈದದ್ದು ಇಲ್ಲಿ ಬರಿಯೂದು ಬ್ಯಾಡ. ಮುಂಜಾನಿ ನೋಡಿದ್ರ ಒಂದ್ ಮೂಲ್ಯಾಗ ಅಂಗೈ ಅಗಲದಷ್ಟ ಜಾಗಾದಾಗ ನೂರಾರು ಹನಿ ಒಂದ್ರ ಮ್ಯಾಲೊಂದು ಕುಂತಾವ, ಉಳದದ್ದೆಲ್ಲಾ ತೊಳ್ಕೊಂಡ ಹೋಗೇತಿ. ಆ ಮೂಲಿ ಕತ್ತರಿಸಿ ಫ್ರೇಮ್ ಹಾಕಸೀನಿ.

ಊಟ ರೊಟ್ಟಿ ಝುಣಕಾ ಶೇಂಗಾ ಚಟ್ನಿ, ಹೊಟ್ಟಿ ತುಂಬ ಹಾಕಿದ್ರು. ಚಹಾ ನೀರು. ಗಾಡಿ ಹಚ್ಚಾಕ ಜಾಗಾ ಇಲ್ಲ.

ಐದಕ್ಕ ಮೂರು ಕೊಡ್ತೀನಿ, ಮೂರೂ ಮೇಡಂ ಮಾತಿಗೆ, ಜಂಗದ ಕ್ಲಾಸಿಗೆ. ಮಳಿ ಬಂದ ದಿನ ಫೋನ್ ಮಾಡಿ ಕರೀರಿ ಅಂದ್ರ ಬರೇ ಶನಿವಾರ ರವಿವಾರ ಅಷ್ಟ ಅಂತಾರ, ಹಿಂಗಾಗಿ ಹೋಗೂರು ಇದ್ರ ಮೋಡ ನೋಡ್ಕೊಂಡು ರೊಕ್ಕ ಕಟ್ರಿ. ಇನ್ನೊಂದು ಅವ್ರು ಹೇಳ್ಲಿಲ್ಲ, ನಾ ಹೇಳ್ತೀನಿ: ಜಂಗದ ಬಟ್ಟಿ ಬಿಚ್ಚಿದ ಮ್ಯಾಲೆ ಅಡಿಗಿ ಸೋಡಾ ನೀರಾಗ ಅದ್ದಿ ಸ್ವಚ್ಛ ತೊಳೀರಿ, ಇಲ್ಲಂದ್ರ ಜಂಗ ಬಟ್ಟೀನ ತಿಂತೈತಿ. ನಮ್ಮ ವೈನಿ ತೊಳೀಲಾರ್ದ ಹಸಿ ಬಟ್ಟೀನ ಸೋಫಾ ಮ್ಯಾಲೆ ಹರವಿದ್ರು, ಕ್ರೀಮ್ ಕಲರ್ ಸೋಫಾ, ಈಗ ಅದಕ್ಕ ಹದಿನಾಲ್ಕ ಮೊಳಿ ಗುರ್ತು, ಅಣ್ಣ ಬಂದವ್ರಿಗೆಲ್ಲಾ ಮೊದಲ ಅದನ್ನ ತೋರಸ್ತಾನ.