ಘಟ್ಟದ ಮಳೆಗೆ ಯಾವ ಬಲ್ಬು: ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಗಾಡಿಯಲ್ಲಿ ಈಗ ಇರುವುದು ಶೋರೂಮಿನಿಂದ ಬರುವಾಗ ಇದ್ದಂಥದೇ 60/55 ವ್ಯಾಟಿನ (ಬ್ರೈಟಿಗೆ 60, ಡಿಮ್ಮಿಗೆ 55) ಹಳದಿ ಹ್ಯಾಲೊಜೆನ್ ಬಲ್ಬು. ನಡುವೆ ಒಮ್ಮೆ 100/90ರ ಬಲ್ಬು ಹಾಕಿಸಿದೆ, ಆಮೇಲೆ ಬಿಳಿ ಎಲ್‌ಇಡಿ ಹಾಕಿಸಿದೆ. ಎರಡಕ್ಕೂ ದುಡ್ಡು ಕಳೆದು, ಕೊನೆಗೆ ಒಂದು ಹೆಡ್‌ಲೈಟನ್ನೇ ಹಾಳು ಮಾಡಿಕೊಂಡು ಹೊರಟಲ್ಲಿಗೇ ವಾಪಸು ಬಂದಿದ್ದೇನೆ. ಮಳೆಗಾಲದ ರಾತ್ರಿ ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟ ಹತ್ತಿ ಇಳಿಯುವವರು ಬಲ್ಬಿಗೆ ದುಡ್ಡು ಹಾಕುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಶಿರಸಿ ಪೇಟೆಯಿಂದ 14 ಕಿ.ಮೀ. ಒಳಗೆ. ಮಗಳು ಕುಮಟಾದಲ್ಲಿ ಓದುತ್ತಾಳೆ. ಶನಿವಾರ ಸಂಜೆ ಹೋಗಿ ಕರೆದುಕೊಂಡು ಬರಬೇಕು, ಭಾನುವಾರ ಸಂಜೆ ಬಿಟ್ಟು ಬರಬೇಕು. ಹೋಗುವಾಗ ಬೆಳಕಿದ್ದರೂ ಬರುವಾಗ ಕತ್ತಲೆಯೇ. ಕತಗಾಲದವರೆಗೆ ಬರೀ ಮಳೆ. ಘಟ್ಟ ಹತ್ತಲು ಶುರುಮಾಡಿದ ಮೇಲೆ ಮಳೆಯ ಜೊತೆ ಮೋಡವೂ ರಸ್ತೆಗೇ ಇಳಿದಿರುತ್ತದೆ. ಗಾಡಿ 2012ರ ಮಾರುತಿ, ಒಂದೇ ಬಲ್ಬಿನಲ್ಲಿ ಡಿಮ್ಮೂ ಬ್ರೈಟೂ ಇರುವ ಎಚ್4 ಹೆಡ್‌ಲೈಟಿನದ್ದು. ಹಳೆ ಬಲ್ಬಿನ ಬೆಳಕು ಸಾಲುತ್ತಿಲ್ಲ ಅನ್ನಿಸಿದ್ದು ನಿಜ. ಯಾಕೆ ಸಾಲುತ್ತಿಲ್ಲ ಅಂತ ನೋಡದೆ ಬೇರೆ ಬಲ್ಬು ಕೊಂಡೆ. ಅಲ್ಲೇ ತಪ್ಪಿದ್ದು.

100/90ರದ್ದು ದೊಡ್ಡ ಕಥೆ ಏನಲ್ಲ. ಜೋಡಿಗೆ 450 ರೂ. ಒಣ ರಸ್ತೆಯಲ್ಲಿ ಬೆಳಕು ಚೆನ್ನಾಗಿಯೇ ಬಿತ್ತು. ಆದರೆ 55 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆದರೆ, 100ರದ್ದು 8ಕ್ಕೂ ಹೆಚ್ಚು ಎಳೆಯುತ್ತದೆ. ಗಾಡಿಯ ವೈರು, ಸ್ವಿಚ್ಚು, ಬಲ್ಬಿನ ಹಿಂದಿನ ಕಪ್ಲರ್ ಯಾವುದೂ ಅಷ್ಟಕ್ಕೆ ಮಾಡಿದ್ದಲ್ಲ. ಮೂರನೇ ತಿಂಗಳಿಗೆ ಎಡಗಡೆಯದ್ದು ಮಿಣಮಿಣ ಅನ್ನಲು ಶುರುವಾಯಿತು. ಕಪ್ಲರ್ ಎಳೆದರೆ ಬರುತ್ತಿಲ್ಲ. ಬಂದಾಗ ನೋಡಿದರೆ ಬಿಳಿ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿ, ಒಂದು ಪಿನ್ನಿನ ಸುತ್ತ ಬೆಲ್ಲದ ಪಾಕದಂತೆ ಕರಗಿ ಗಟ್ಟಿಯಾಗಿತ್ತು. ರಿಲೇ ಹಾಕಿ ಬ್ಯಾಟರಿಯಿಂದ ಬೇರೆ ವೈರು ಎಳೆದಿದ್ದರೆ ಕಪ್ಲರ್ ಉಳಿಯುತ್ತಿತ್ತು, ಆದರೆ ಎದುರಿನವರ ಕಣ್ಣು ಕುಕ್ಕುವುದು ತಪ್ಪುತ್ತಿರಲಿಲ್ಲ. ಬೇಡ ಅಂತ ತೆಗೆಸಿದೆ.

ಆಮೇಲೆ ಎಲ್‌ಇಡಿ. 3,200 ರೂ. ಕೊಟ್ಟು ಹಾಕಿಸಿದ ದಿನ ಅಂಗಳದಲ್ಲಿ ನಿಂತು ಲೈಟ್ ಹಾಕಿದರೆ ತೋಟದ ಮೊದಲ ಸಾಲಿನ ಅಡಿಕೆ ಮರಗಳು ಹಗಲಿನಂತೆ ಕಂಡವು. ಮನೆಯವರೆಲ್ಲ ಖುಷಿಪಟ್ಟರು, ನಾನೂ ಪಟ್ಟೆ. ಮುಂದಿನ ಶನಿವಾರ ಹೆಂಡತಿಯ ಅಣ್ಣ ಜೊತೆಗಿದ್ದರು. ಘಟ್ಟದ ಅರ್ಧಕ್ಕೆ ಬರುವಾಗ ಮಳೆ ಹಿಡಿಯಿತು, ಮಂಜು ಕವಿಯಿತು. ಗಾಜಿನ ಮುಂದೆ ಬಿಳಿ ಪರದೆ ಕಟ್ಟಿದ ಹಾಗಾಯಿತು. ಅವರು ಮುಂದಕ್ಕೆ ಬಾಗಿ ಕೂತು ಹೇಳಿದ್ದು ಇಷ್ಟೇ: "ಭಾವ, ಲೈಟ್ ಕಾಣ್ತು, ರಸ್ತೆ ಕಾಣ್ತಿಲ್ಲೆ." ಇನ್ನೆರಡು ತಿರುವು ದಾಟುವಷ್ಟರಲ್ಲಿ ಎದುರಿಂದ ಬಂದ ಬಸ್ಸಿನ ಡ್ರೈವರು ಪೂರ್ತಿ ನಿಲ್ಲಿಸಿ, ಕೈ ಹೊರಗೆ ಹಾಕಿ, "ಡಿಮ್ ಮಾಡ್ರೀ" ಅಂದರು. ಡಿಮ್ಮಿನಲ್ಲೇ ಇತ್ತು.

ಮರುದಿನ ಕತ್ತಲಾದ ಮೇಲೆ ಗಾಡಿಯನ್ನು ಕೊಟ್ಟಿಗೆಯ ಸುಣ್ಣದ ಗೋಡೆಗೆ ಎದುರಾಗಿ ನಿಲ್ಲಿಸಿ ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಹಳೆ ಹ್ಯಾಲೊಜೆನ್ ಹಾಕಿ ನೋಡಿದೆ. ಹ್ಯಾಲೊಜೆನ್ನಿನ ಡಿಮ್ ಬೆಳಕಿಗೆ ಮೇಲ್ಗಡೆ ಒಂದು ಗೆರೆ ಇದೆ, ಚಾಕ್‌ಪೀಸಿನಲ್ಲಿ ಎಳೆಯುವಷ್ಟು ಸ್ಪಷ್ಟ. ಬಲಗಡೆ ಸಪಾಟು, ಎಡಗಡೆಗೆ ಸ್ವಲ್ಪ ಏರುತ್ತದೆ. ಎದುರಿನವರ ಕಣ್ಣಿಗೆ ಹೊಡೆಯದೆ, ಎಡಬದಿಯಲ್ಲಿ ನಡೆದುಹೋಗುವವರು ಮಾತ್ರ ಕಾಣಲಿ ಅಂತ ಹಾಗೆ. ಎಲ್‌ಇಡಿಯದಕ್ಕೆ ಗೆರೆಯೇ ಇಲ್ಲ. ನಡುವೆ ಒಂದು ಕಪ್ಪು ಮಚ್ಚೆ, ಉಳಿದ ಬೆಳಕು ಗೋಡೆ ಹತ್ತಿ ಮಾಡಿನ ಹಂಚಿನವರೆಗೂ ಚೆಲ್ಲಿತ್ತು.

ಕಾರಣ ಬಲ್ಬನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಎಚ್4 ಬಲ್ಬಿನೊಳಗೆ ಎರಡು ತಂತಿ ಸುರುಳಿ. ಮುಂದಿನದು ಡಿಮ್ಮಿಗೆ, ಅದರ ಕೆಳಗೆ ಉಗುರಿನಷ್ಟು ದೊಡ್ಡ ಲೋಹದ ಬಟ್ಟಲು. ಆ ಬಟ್ಟಲು ಕೆಳಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ಕೆಳಗೆ ರಸ್ತೆಗೆ ಬರುತ್ತದೆ. ಸುರುಳಿ ಇರುವ ಜಾಗಕ್ಕೆ ಲೆಕ್ಕ ಹಾಕಿಯೇ ರಿಫ್ಲೆಕ್ಟರ್ ಮಾಡಿರುತ್ತಾರೆ. ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಎಲ್‌ಇಡಿ ಚಿಪ್ಪು ಕೂರದಿದ್ದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಹಳದಿ ಬೆಳಕೇ ಮಂಜನ್ನು ಸೀಳುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಮಂಜಿನ ಹನಿ ಯಾವ ಬಣ್ಣವನ್ನೂ ಬಿಡದೆ ಚೆದುರಿಸುತ್ತದೆ. ನನ್ನ ಗಾಡಿಯಲ್ಲಿ ತೊಂದರೆ ಕೊಟ್ಟಿದ್ದು ಬಣ್ಣಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೋಗುತ್ತಿದ್ದ ಬೆಳಕು. ಅದು ಮಂಜಿಗೆ ಬಡಿದು ನೇರ ನಮ್ಮ ಕಣ್ಣಿಗೇ ವಾಪಸು ಬರುತ್ತಿತ್ತು. ಈಗಿನ ಹೊಸ ಗಾಡಿಗಳಲ್ಲಿ ಕಂಪನಿಯೇ ಕೊಡುವ ಎಲ್‌ಇಡಿ ಹೆಡ್‌ಲೈಟಿನ ಮಾತು ಬೇರೆ, ಅದರ ರಿಫ್ಲೆಕ್ಟರು, ಲೆನ್ಸು ಎಲ್ಲ ಅದಕ್ಕೆಂದೇ ಮಾಡಿದ್ದು.

ಇಷ್ಟೇ ಆಗಿದ್ದರೆ ಬಲ್ಬು ಬದಲಿಸಿ ಸುಮ್ಮನಾಗುತ್ತಿದ್ದೆ. ನಿಜವಾದ ಪೆಟ್ಟು ಕೊಟ್ಟಿದ್ದು ಹಿಂದಿನ ರಬ್ಬರ್ ಕವರು.

ಹೆಡ್‌ಲೈಟಿನ ಹಿಂಭಾಗದಲ್ಲಿ, ಬಲ್ಬಿನ ಸುತ್ತ ಒಂದು ಕಪ್ಪು ರಬ್ಬರ್ ಕವರ್ ಇರುತ್ತದೆ. ಮೂರು ಪಿನ್ನು ಮಾತ್ರ ಹೊರಗೆ ಕಾಣುವಷ್ಟು ತೂತು, ಉಳಿದದ್ದೆಲ್ಲ ಬಿಗಿ. ಎಲ್‌ಇಡಿಯ ಹಿಂದೆ ಫ್ಯಾನು, ಅದರ ಸುತ್ತ ಅಲ್ಯೂಮಿನಿಯಂ ರೆಕ್ಕೆಗಳು. ಅದು ಆ ತೂತಿನಲ್ಲಿ ಹಿಡಿಯಲಿಲ್ಲ. ಹಾಕಿದವರು ಬ್ಲೇಡು ತೆಗೆದು ರಬ್ಬರನ್ನು ಸುತ್ತ ಕೊಯ್ದು ದೊಡ್ಡದು ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬೇಡ ಅನ್ನಲು ತಿಳಿಯಲಿಲ್ಲ. ಆಷಾಢದ ಮಳೆಗೆ ಬಾನೆಟ್ಟಿನೊಳಗೆ ಸಿಡಿಯುವ ನೀರು, ತೇವದ ಗಾಳಿ ಎಲ್ಲ ಆ ಸಂದಿಯಿಂದ ಒಳಗೆ ಹೋಯಿತು. ಹದಿನೈದು ದಿನಕ್ಕೆ ಬಲಗಡೆಯ ಗಾಜಿನ ಒಳಗೆ ಬೆವರು ಕಾಣಿಸಿತು. ತಿಂಗಳಿಗೆ ತಳದಲ್ಲಿ ಒಂದು ಚಮಚದಷ್ಟು ನೀರು ನಿಂತಿತ್ತು, ತಿರುವಿನಲ್ಲಿ ಆಚೆ ಈಚೆ ಹೋಗುವುದು ಬರಿಗಣ್ಣಿಗೆ ಕಾಣುತ್ತಿತ್ತು.

ಹ್ಯಾಲೊಜೆನ್ ಆಗಿದ್ದರೆ ಅದರ ಕಾವಿಗೆ ಗಾಜಿನ ಬೆವರು ಎಷ್ಟೋ ಆರುತ್ತಿತ್ತು. ಎಲ್‌ಇಡಿ ಕಾವನ್ನು ಹಿಂದಕ್ಕೆ ಬಿಡುತ್ತದೆ, ಮುಂದಿನ ಗಾಜು ತಣ್ಣಗೇ ಇರುತ್ತದೆ. ಹಾಗಾಗಿ ಒಳಗೆ ಹೋದ ತೇವ ಹೋಗಲೇ ಇಲ್ಲ. ಹೆಡ್‌ಲೈಟ್ ಬಿಚ್ಚಿ, ನೀರು ಸುರಿದು, ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ಬಚ್ಚಲೊಲೆಯ ಮೇಲಿನ ಗಳಕ್ಕೆ ಎರಡು ದಿನ ಕಟ್ಟಿಟ್ಟೆವು. ನೀರು ಆರಿತು, ಆದರೆ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಕೆಳಗಿನ ಅಂಚಿನಿಂದ ಅಂಗೈ ಅಗಲ ಮಸುಕಾಗಿತ್ತು. ಒರೆಸಲು ಹೋದರೆ ಬಟ್ಟೆಗೇ ಎದ್ದು ಬಂತು. ಅದನ್ನು ಮುಟ್ಟಲೇಬಾರದಿತ್ತು, ಆ ಲೇಪ ಅಷ್ಟು ತೆಳು.

ರಬ್ಬರ್ ಕವರ್ ಒಂದೇ ಬೇಕು ಅಂತ ಪೇಟೆಯ ಮೂರು ಅಂಗಡಿ ಅಲೆದೆ. ಪೂರ್ತಿ ಹೆಡ್‌ಲೈಟ್ ತಗೊಳ್ಳಿ, ಅದು ಬಿಡಿಯಾಗಿ ಬರುವುದಿಲ್ಲ ಅಂದರು ಇಬ್ಬರು. ಮೂರನೆಯವರು ಬೇರೆ ಗಾಡಿಯದ್ದು ಕೊಟ್ಟರು, ಅದರ ತುಟಿ ಸಡಿಲ. ಕೊನೆಗೆ ಹುಬ್ಬಳ್ಳಿಗೆ ಅಡಿಕೆ ಕೆಲಸಕ್ಕೆ ಹೋದಾಗ 120 ರೂಪಾಯಿಗೆ ಒಂದು ಸಿಕ್ಕಿತು. ಅಷ್ಟರಲ್ಲಿ ಬಲಗಡೆಯ ಹೆಡ್‌ಲೈಟಿಗೆ 2,600 ಕೊಟ್ಟಾಗಿತ್ತು. ಎಲ್‌ಇಡಿಯ ಬೆಲೆ ನನ್ನ ಲೆಕ್ಕದಲ್ಲಿ 3,200 ಅಲ್ಲ, 5,800. ಅದರ ಮೇಲೆ, ಗಾಡಿಯ ಮೂಲ ಸ್ವರೂಪ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದೂ ನೆನಪಿರಲಿ.

ಹಾಗಾದರೆ ಹಳೆ ಬಲ್ಬಿನ ಬೆಳಕು ಯಾಕೆ ಸಾಲುತ್ತಿರಲಿಲ್ಲ? ಎಲ್‌ಇಡಿ ತೆಗೆಸಿದ ದಿನ ನಮ್ಮೂರಿನ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಮೀಟರ್ ಹಿಡಿದು ತೋರಿಸಿದರು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಕಪ್ಲರಿನಲ್ಲಿ 12.2. ನಡುವೆ ಒಂದೂವರೆ ವೋಲ್ಟು ನುಂಗಿದ್ದು ಹಸಿರು ಕಿಲುಬು ಹಿಡಿದ ಅರ್ತ್ ವೈರು. ವಾರ ವಾರ ಕರಾವಳಿಯ ಉಪ್ಪುಗಾಳಿಗೆ ಹೋಗಿ ಬರುವ ಗಾಡಿಗೆ ಇದು ಬೇಗ ಬರುತ್ತದೆ. ಹ್ಯಾಲೊಜೆನ್ನಿಗೆ ಹೋಗುವ ವೋಲ್ಟೇಜು ನೂರಕ್ಕೆ 10 ಕಡಿಮೆಯಾದರೆ ಬೆಳಕು ಹೆಚ್ಚುಕಡಿಮೆ ನೂರಕ್ಕೆ 30 ಇಳಿಯುತ್ತದೆ. ಅವರು ಅರ್ತ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಕಟ್ಟಿ, ಮೇಲೆ ಗ್ರೀಸ್ ಸವರಿದರು. ಕೂಲಿ 150. ಹೊಸ 60/55 ಜೋಡಿಗೆ 360. ಮುಂದಿನ ಗಾಜಿನ ಹಳದಿ ಪೊರೆ ತೆಗೆಸಲು 300. ಆ ವಾರ ಘಟ್ಟ ಹತ್ತುವಾಗ ರಸ್ತೆಯ ಎಡ ಅಂಚಿನ ಬಿಳಿ ಪಟ್ಟೆ ಮಂಜಿನಲ್ಲೂ ಕಾಣುತ್ತಿತ್ತು. ನನಗೆ ಬೇಕಾಗಿದ್ದು ಅದೊಂದೇ.

ಬಲ್ಬನ್ನು ಈಗ ನಾನೇ ಬದಲಿಸುತ್ತೇನೆ. ಲೈಟು, ಇಗ್ನಿಷನ್ ಎರಡೂ ಬಂದ್. ಉರಿದ ಬಲ್ಬಾದರೆ ಹತ್ತು ನಿಮಿಷ ಆರಲು ಬಿಡಬೇಕು, ಅದರ ಕಾವು ಕೈ ಸುಡುತ್ತದೆ. ಕಪ್ಲರನ್ನು ವೈರು ಹಿಡಿದು ಎಳೆಯದೆ ಕಪ್ಲರಿನ ಮೈ ಹಿಡಿದೇ ಎಳೆಯಬೇಕು. ಆಮೇಲೆ ರಬ್ಬರ್ ಕವರ್, ಅದರೊಳಗೆ ಸ್ಪ್ರಿಂಗ್ ಕ್ಲಿಪ್. ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬು ಕೈಗೆ ಬರುತ್ತದೆ. ಹೊಸದರ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ, ಒಳಗೆ ಒತ್ತಡದ ಗ್ಯಾಸ್ ಇರುವುದರಿಂದ ಒಡೆಯಲೂಬಹುದು. ಮುಟ್ಟಿಬಿಟ್ಟರೆ ಸ್ಪಿರಿಟ್ ಹಾಕಿದ ಸ್ವಚ್ಛ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಹಾಕಿ. ಸುತ್ತಿನ ಮೂರು ಕಿವಿ ತಮ್ಮ ತಮ್ಮ ಕಚ್ಚಿನಲ್ಲಿ ಕೂತಾಗ ಬಲ್ಬು ಅಲ್ಲಾಡುವುದಿಲ್ಲ. ಕೊನೆಗೆ ರಬ್ಬರಿನ ಅಂಚಿನ ಸುತ್ತ ಬೆರಳಾಡಿಸಿ ನೋಡಿ, ಎಲ್ಲೂ ಮಡಚಿರಬಾರದು. ಮುಗಿದ ಮೇಲೆ ಗೋಡೆಯ ಮೇಲಿನ ಹಳೆ ಗೆರೆಗೆ ಹೊಸ ಬೆಳಕು ಸೇರುತ್ತದೋ ಅಂತ ನೋಡುತ್ತೇನೆ.

ಟೈರಿನ ಮಾತು ಇಲ್ಲೇ ಸೇರಿಸುತ್ತೇನೆ, ಯಾಕೆಂದರೆ ಎಲ್‌ಇಡಿಗೆ ಹೋದ ದುಡ್ಡು ಟೈರಿಗೆ ಹೋಗಬೇಕಿತ್ತು.

ಗಾಳಿಗೆ ಮೂರು ದಾರಿ ನೋಡಿದೆ. ಪೆಟ್ರೋಲ್ ಬಂಕಿನದ್ದು ಬಿಟ್ಟಿ, ಆದರೆ ನಮ್ಮ ಮನೆಯಿಂದ ಅಲ್ಲಿಗೆ 14 ಕಿ.ಮೀ. ಹೋಗುವಷ್ಟರಲ್ಲಿ ಟೈರು ಬಿಸಿಯಾಗಿ ಒತ್ತಡ ಏರಿರುತ್ತದೆ. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಬರೆದ ಅಂಕಿ ತಣ್ಣಗಿನ ಟೈರಿನದು. ಬಿಸಿ ಟೈರಿನಲ್ಲಿ ಹೆಚ್ಚು ತೋರಿಸಿತು ಅಂತ ಗಾಳಿ ಬಿಟ್ಟರೆ ಬೆಳಿಗ್ಗೆಗೆ ಕಡಿಮೆಯಾಗಿರುತ್ತದೆ. ನೈಟ್ರೋಜನ್ ಬೇಕಾಗಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಪಾಲು ಇದೆ. ಮೂರನೆಯದು 12 ವೋಲ್ಟಿನ ಸಣ್ಣ ಪಂಪು, 1,900 ರೂ. ಗದ್ದಲ ಮಾಡುತ್ತದೆ, ನಿಧಾನ. ಆದರೂ ನನ್ನ ಮತ ಅದಕ್ಕೇ. ಶನಿವಾರ ಬೆಳಿಗ್ಗೆ ಆಸರಿ ಕುಡಿದು, ಗಾಡಿ ಹೊರಗೆ ತೆಗೆಯುವ ಮೊದಲೇ ನಾಲ್ಕೂ ಚಕ್ರ ನೋಡಿ ಮುಗಿಸುತ್ತೇನೆ, ತಿಂಗಳಿಗೊಮ್ಮೆ ಸ್ಟೆಪ್ನಿಯನ್ನೂ.

ಕಳೆದ ಮೇ ತಿಂಗಳಲ್ಲಿ ಎರಡು ಟೈರ್ ಬದಲಿಸಬೇಕಾಯಿತು. ಕಾನೂನಿನ ಮಿತಿ 1.6 ಮಿ.ಮೀ., ಟೈರಿನ ಕಾಲುವೆಯ ತಳದಲ್ಲಿರುವ ಸಣ್ಣ ದಿಬ್ಬದ ಮಟ್ಟಕ್ಕೆ ಹಲ್ಲು ಸವೆದರೆ ಮುಗಿಯಿತು ಅಂತ ಲೆಕ್ಕ. ಆದರೆ ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯುವವನು ನಾನಲ್ಲ. 3 ಮಿ.ಮೀ. ಆದಾಗಲೇ ತೆಗೆಯುತ್ತೇನೆ, ನೀರನ್ನು ಹೊರಗೆ ಹಾಕಲು ಅಷ್ಟು ಆಳ ಬೇಕು. ಅಂಗಡಿಯಲ್ಲಿ ಪಕ್ಕದ ಗೋಡೆಯ ನಾಲ್ಕಂಕಿ ಓದಿ ತಗೊಳ್ಳಿ. 3624 ಅಂದರೆ 2024ರ 36ನೇ ವಾರದಲ್ಲಿ ತಯಾರಾದದ್ದು.

ಹೊಸ ಜೋಡಿ ಮುಂದೆ ಹಾಕಬೇಕೋ ಹಿಂದೆಯೋ ಅಂತ ಅಂಗಡಿಯವರಿಗೂ ನನಗೂ ಸ್ವಲ್ಪ ಹೊತ್ತು ವಾದವಾಯಿತು. ಮುಂದಿನ ಚಕ್ರವೇ ಎಳೆಯುವುದು, ಅದಕ್ಕೇ ಹಾಕಿ ಅಂದರು ಅವರು. ನಾನು ಹಿಂದಕ್ಕೇ ಹಾಕಿಸಿದೆ. ಮುಂದಿನದು ಜಾರಿದರೆ ಗಾಡಿ ನೇರ ಹೋಗಲು ನೋಡುತ್ತದೆ, ಆಕ್ಸಲರೇಟರ್ ಬಿಟ್ಟರೆ ಹಿಡಿತ ವಾಪಸು ಬರುವ ಸಂಭವ ಇದೆ. ಘಟ್ಟದ ತಿರುವಿನಲ್ಲಿ ಹಿಂದಿನದು ಜಾರಿದರೆ ಗಾಡಿ ಬುಗುರಿಯಂತೆ ತಿರುಗಿಬಿಡುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಕೈಚಳಕ ನನಗಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಕೂತಿರುತ್ತಾಳೆ.

ವರ್ಷಕ್ಕೆ ಒಂದೆರಡು ಸಲ, ಅದೂ ಬೇಸಿಗೆಯಲ್ಲಿ, ಘಟ್ಟ ದಾಟುವವರಿಗೆ ಇದು ಅತಿ ಅನ್ನಿಸಬಹುದು. ಅವರಿಗೂ ನಾನು ಎಲ್‌ಇಡಿ ಹಾಕಿ ಅನ್ನುವುದಿಲ್ಲ, ಪಂಪು ಮಾತ್ರ ಬೇಕಾಗಲಿಕ್ಕಿಲ್ಲ. ನನ್ನಂತೆ ವಾರಕ್ಕೆ ಎರಡು ಸಲ ಹೋಗುವವರು ಮೊದಲು ಅರ್ತ್ ವೈರು ಬಿಚ್ಚಿಸಿ ನೋಡಿ, ಆಮೇಲೆ 360ರ ಬಲ್ಬು, ಉಳಿದ ದುಡ್ಡು ಟೈರಿಗೆ. ಹಳೆ ಜೋಡಿಯಲ್ಲಿ ಉರಿಯುವುದು ಒಂದಿದ್ದರೆ ಬಿಸಾಡಬೇಡಿ. ನನ್ನದನ್ನು ಹತ್ತಿಯಲ್ಲಿ ಸುತ್ತಿ, ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಟಾರ್ಚು ಮತ್ತು ಒಂದು ಜೊತೆ ಕೈಗವಸಿನ ಜೊತೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದೇನೆ.