ಫ್ರೆಂಚ್ ಟೋಸ್ಟ್: ಮೊಟ್ಟೆ ಹಾಕಿ ಮಾಡೋದೋ, ಕಸ್ಟರ್ಡ್ ಪುಡಿಯಲ್ಲೋ?

ಮನೆಯಲ್ಲಿ ಎಲ್ಲರೂ ಮೊಟ್ಟೆ ತಿನ್ನುವವರಾದರೆ ಹೆಚ್ಚು ಯೋಚನೆ ಬೇಡ, ಮೊಟ್ಟೆಯದ್ದೇ ಮಾಡಿ. 4 ಸ್ಲೈಸ್ ಬ್ರೆಡ್ಡಿಗೆ 2 ಮೊಟ್ಟೆ, ಅರ್ಧ ಕಪ್ ಹಾಲು, ಒಂದು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ ಪುಡಿ ಸಾಕು. ಬಿಸಿ ತಾಗಿದಾಗ ಮೊಟ್ಟೆ ಗಟ್ಟಿಯಾಗಿ, ಬ್ರೆಡ್ ಹೀರಿಕೊಂಡ ಹಾಲನ್ನು ಒಳಗೇ ಹಿಡಿದಿಡುತ್ತದೆ. ಹೊರಗೆ ಕೆಂಪಗೆ, ಒಳಗೆ ಮೆತ್ತಗೆ. ಆ ಮೃದುತನ ಕಸ್ಟರ್ಡ್ ಪುಡಿಯಲ್ಲಿ ಪೂರ್ತಿ ಸಿಗುವುದಿಲ್ಲ.

ಆದರೆ ಮೊಟ್ಟೆಯ ವಾಸನೆ ಆಗದವರಿಗೆ ಕಸ್ಟರ್ಡ್ ಟೋಸ್ಟ್ ನಿಜಕ್ಕೂ ಒಳ್ಳೆಯ ತಿಂಡಿ. ಆ ಪುಡಿ ಬಹುಪಾಲು ಕಾರ್ನ್‌ಫ್ಲೋರ್, ಜೊತೆಗೆ ವೆನಿಲಾ ಪರಿಮಳ ಮತ್ತು ಬಣ್ಣ. 2 ದೊಡ್ಡ ಚಮಚ ಪುಡಿ, ಅಷ್ಟೇ ಸಕ್ಕರೆಯನ್ನು ಮುಕ್ಕಾಲು ಕಪ್ ತಣ್ಣನೆ ಹಾಲಿನಲ್ಲಿ ಕಲಸಿ. ಬಿಸಿ ಹಾಲಾದರೆ ಗಂಟು ಕಟ್ಟುತ್ತದೆ. ಪುಡಿ ಬೇಗ ತಳಕ್ಕೆ ಇಳಿಯುವುದರಿಂದ ಪ್ರತಿ ಸ್ಲೈಸ್ ಅದ್ದುವ ಮುಂಚೆ ಕದಡಲೇಬೇಕು. ಇಲ್ಲದಿದ್ದರೆ ಮೊದಲನೆಯದಕ್ಕೆ ಬರೀ ಹಾಲು, ಕೊನೆಯದಕ್ಕೆ ಹಿಟ್ಟು. ಅದ್ದಿ ತಕ್ಷಣ ತೆಗೆಯಿರಿ, ನೆನೆಯಲು ಬಿಟ್ಟರೆ ಕಾವಲಿಗೆ ಹಾಕುವಾಗಲೇ ಹರಿಯುತ್ತದೆ. ಮೊಟ್ಟೆ ಮಿಶ್ರಣದಲ್ಲಿ ಸ್ವಲ್ಪ ಹೊತ್ತು ಬಿಟ್ಟರೂ ತೊಂದರೆಯಿಲ್ಲ.

ಎರಡಕ್ಕೂ ಹಿಂದಿನ ದಿನದ, ದಪ್ಪ ಸ್ಲೈಸಿನ ಬ್ರೆಡ್ಡೇ ಚೆನ್ನ. ಸಕ್ಕರೆ ಬೇಗ ಸೀಯುತ್ತದೆ, ಉರಿ ಸಣ್ಣಗಿರಲಿ. ಬೆಣ್ಣೆಗಿಂತ ತುಪ್ಪ ನನಗಿಷ್ಟ, ಅದು ಅಷ್ಟು ಬೇಗ ಕಪ್ಪಾಗುವುದಿಲ್ಲ.

ಮಕ್ಕಳ ಡಬ್ಬಿಗಾದರೆ ಮೊಟ್ಟೆಯದ್ದನ್ನೇ ಹಾಕಿ, ಆರಿದರೂ ತಿನ್ನಲು ಹಿತ. ಕಸ್ಟರ್ಡಿನದ್ದನ್ನು ಕಾವಲಿಯಿಂದ ಇಳಿಸಿದ ಕೂಡಲೇ ತಿನ್ನಬೇಕು.